ಹೆಂಗಸಿನ ಕೈಗೆ ಯಾವ ಪಿಸ್ತೂಲು?



ಇವತ್ತಿನ ವಿಷಯ ಬಾನುಲಿಯಲ್ಲಿ ಅಷ್ಟಾಗಿ ಕೇಳಿಬರುವಂಥದ್ದಲ್ಲ. ಅಮೆರಿಕದಲ್ಲಿ ಹೆಂಗಸೊಬ್ಬಳು ಆತ್ಮರಕ್ಷಣೆಗೆಂದು ಬಟ್ಟೆಯ ಮರೆಯಲ್ಲಿಟ್ಟುಕೊಂಡು ಓಡಾಡುವ ಪಿಸ್ತೂಲನ್ನು ಹೇಗೆ ಆರಿಸಿಕೊಳ್ಳಬೇಕು ಎಂಬುದು. ನಮಗ್ಯಾಕೆ ಈ ಉಸಾಬರಿ ಎಂದು ಯಾರಾದರೂ ಕೇಳಬಹುದು. ಟೆಕ್ಸಾಸ್, ಜಾರ್ಜಿಯ, ಅರಿಝೋನಾಗಳಲ್ಲಿ ನಮ್ಮ ಹೆಣ್ಣುಮಕ್ಕಳು ಸಂಸಾರ ಹೂಡಿದ್ದಾರೆ. ರಾತ್ರಿ ಪಾಳಿ ಮುಗಿಸಿ, ಖಾಲಿ ಬಿದ್ದ ಪಾರ್ಕಿಂಗ್ ಜಾಗ ದಾಟಿ ಕಾರು ಹತ್ತುತ್ತಾರೆ. ಪಕ್ಕದ ಮನೆಯವಳ ಹತ್ತಿರ ಪಿಸ್ತೂಲಿದೆ, ಜೊತೆಯಲ್ಲಿ ಕೆಲಸ ಮಾಡುವವಳ ಹತ್ತಿರ ಇದೆ, ನಾನೂ ಒಂದು ತಗೊಳ್ಳಲಾ ಎಂಬ ಪ್ರಶ್ನೆ ಫೋನಿನಲ್ಲಿ ಹುಬ್ಬಳ್ಳಿಗೂ ಬರುತ್ತದೆ, ಮೈಸೂರಿಗೂ ಬರುತ್ತದೆ. ಕಾಲೇಜಿನಲ್ಲಿ ಎನ್‌ಸಿಸಿ ಹುಡುಗಿಯರಿಗೆ ವರ್ಷಗಟ್ಟಲೆ ಪಾಯಿಂಟ್ 22 ರೈಫಲ್ ಹಿಡಿಯುವುದನ್ನು ಕಲಿಸಿದವಳು ನಾನು. ಹಾಗಾಗಿ ನನ್ನ ಹತ್ತಿರಕ್ಕೂ ಆ ಪ್ರಶ್ನೆ ಬಂತು.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. "ಹೆಂಗಸರಿಗೆ ಇದೇ ಸರಿ" ಎಂದು ಅಂಗಡಿಯವರು ಮುಂದಿಡುವ ಪುಟ್ಟ, ಹಗುರ ಪಿಸ್ತೂಲು ಹೊಸದಾಗಿ ಕಲಿಯುವ ಹೆಂಗಸಿಗೆ ಬಹುಮಟ್ಟಿಗೆ ತಕ್ಕದ್ದಲ್ಲ. ಯಾವುದು ತಕ್ಕದ್ದು ಎಂದು ಅವಳ ಕೈಯೇ ಹೇಳಬೇಕು, ಗಂಡನೂ ಅಲ್ಲ, ಅಂಗಡಿಯವನೂ ಅಲ್ಲ.

ಆ ದೇಶದಲ್ಲಿ ಹೆಂಗಸರು ಮತ್ತು ಪಿಸ್ತೂಲಿನ ಮಾತು ಬಂದಾಗ ಬರುವ ಒಂದು ಹೆಸರು ಸುಝಾನಾ ಹಪ್. 1991ರ ಅಕ್ಟೋಬರ್ 16ರಂದು ಟೆಕ್ಸಾಸಿನ ಕಿಲೀನ್ ಊರಿನ ಲೂಬೀಸ್ ಎಂಬ ಕೆಫೆಟೀರಿಯಾದಲ್ಲಿ ಅವರು ತಂದೆತಾಯಿಯ ಜೊತೆ ಊಟಕ್ಕೆ ಕೂತಿದ್ದರು. ಒಬ್ಬ ತನ್ನ ಪಿಕಪ್ ಗಾಡಿಯನ್ನು ಗಾಜಿನ ಕಿಟಕಿಗೇ ನುಗ್ಗಿಸಿ, ಇಳಿದು ಗುಂಡು ಹಾರಿಸತೊಡಗಿದ. ಹಪ್ ತಮ್ಮ ಕೈಚೀಲಕ್ಕೆ ಕೈ ಹಾಕಿದರು. ರಿವಾಲ್ವರ್ ಅಲ್ಲಿರಲಿಲ್ಲ, ಕಾರಿನಲ್ಲಿತ್ತು. ಬಟ್ಟೆಯ ಮರೆಯಲ್ಲಿ, ಚೀಲದ ಮರೆಯಲ್ಲಿ ಆಯುಧ ಒಯ್ಯುವುದು ಆಗ ಟೆಕ್ಸಾಸಿನಲ್ಲಿ ಅಪರಾಧ. ಸಿಕ್ಕಿಬಿದ್ದರೆ ವೃತ್ತಿಯ ಪರವಾನಗಿ ಹೋದೀತು ಎಂಬ ಹೆದರಿಕೆಯಿಂದ ಅವರು ಅದನ್ನು ಕಾರಿನಲ್ಲೇ ಬಿಟ್ಟು ಬರುತ್ತಿದ್ದರು. ಕೊಲೆಗಾರನ ಮೇಲೆ ನುಗ್ಗಿದ ತಂದೆಗೆ ಗುಂಡು ಬಿತ್ತು. ತಾಯಿ ಗಂಡನನ್ನು ಬಿಟ್ಟು ಕದಲಲಿಲ್ಲ, ಅವರನ್ನೂ ಕೊಂದ. ಆ ದಿನ 23 ಜನ ಅವನಿಗೆ ಬಲಿಯಾದರು. ಹಪ್ ಆಮೇಲೆ ಊರೂರು ತಿರುಗಿ ಶಾಸನಸಭೆಗಳ ಮುಂದೆ ಸಾಕ್ಷಿ ನುಡಿದರು. 1995ರಲ್ಲಿ ಟೆಕ್ಸಾಸ್ ಪರವಾನಗಿಯ ಕಾನೂನು ತಂದಿತು. ಮರುವರ್ಷ ಅವರೇ ಆ ರಾಜ್ಯದ ಶಾಸನಸಭೆಗೆ ಆಯ್ಕೆಯಾದರು. 2021ರ ಸೆಪ್ಟೆಂಬರಿನಿಂದ ಅಲ್ಲಿ 21 ವರ್ಷ ತುಂಬಿದವರು, ಕಾನೂನಿನ ಅಡ್ಡಿ ಇಲ್ಲದಿದ್ದರೆ, ಪರವಾನಗಿಯೇ ಇಲ್ಲದೆ ಪಿಸ್ತೂಲು ಒಯ್ಯಬಹುದು. ಇವತ್ತು ಅಮೆರಿಕದ ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಸ್ಥಿತಿ ಹೀಗೇ ಇದೆ.

ಆ ಹೆಂಗಸಿನ ದುಃಖದ ಮುಂದೆ ವಾದ ಹೂಡುವ ಮನಸ್ಸು ನನಗಿಲ್ಲ. ಆದರೆ ಕಾನೂನು ಸಡಿಲವಾದಂತೆ ಕಲಿಯಬೇಕೆಂಬ ಕಡ್ಡಾಯವೂ ಹೋಯಿತು, ಇದು ನನ್ನನ್ನು ಕಾಡುತ್ತದೆ. ಪರವಾನಗಿ ಬೇಕಿದ್ದಾಗ ತರಗತಿಗೆ ಹೋಗಬೇಕಿತ್ತು, ರೇಂಜಿನಲ್ಲಿ ಗುಂಡು ಹೊಡೆದು ತೋರಿಸಬೇಕಿತ್ತು. ಈಗ ಅಂಗಡಿಯಿಂದ ನೇರ ಸೊಂಟಕ್ಕೆ.

ಹೆಂಗಸರಿಗಾಗಿ ಪಿಸ್ತೂಲು ಎಂಬ ಯೋಚನೆ ಈಚಿನದಲ್ಲ. ಸ್ಮಿತ್ ಅಂಡ್ ವೆಸನ್ ಕಂಪನಿ 1902ರಲ್ಲೇ ಲೇಡಿಸ್ಮಿತ್ ಎಂಬ ಪುಟ್ಟ ಪಾಯಿಂಟ್ 22 ರಿವಾಲ್ವರ್ ಮಾಡಿತು, ಏಳು ಗುಂಡಿನದು. 1921ರ ಹೊತ್ತಿಗೆ ಅದು ನಿಂತುಹೋಯಿತು. 1989ರಲ್ಲಿ ಅದೇ ಹೆಸರನ್ನು ಮತ್ತೆ ಎತ್ತಿಕೊಂಡು ಪಾಯಿಂಟ್ 38ರ ಐದು ಗುಂಡಿನ ರಿವಾಲ್ವರಿಗೆ ಇಟ್ಟರು. ಅದೇ ವರ್ಷ ಪ್ಯಾಕ್ಸ್‌ಟನ್ ಕ್ವಿಗ್ಲಿ ಎಂಬ ಲೇಖಕಿ ಆಯುಧ ಹಿಡಿದ ಹೆಂಗಸರ ಬಗ್ಗೆ ಒಂದು ಪುಸ್ತಕ ಬರೆದರು. ಅಲ್ಲಿಂದ ಮುಂದೆ ಗುಲಾಬಿ ಬಣ್ಣದ ಪಿಸ್ತೂಲು, ನೇರಳೆ ಹಿಡಿ, ಪಿಸ್ತೂಲಿಗೇ ಒಂದು ಅರೆ ಹೊಲಿದ ಕೈಚೀಲ, ಒಂದೊಂದಾಗಿ ಪೇಟೆಗೆ ಬಂದವು.

ನನ್ನ ತಂಗಿಯ ಮಗಳು ಹ್ಯೂಸ್ಟನ್ ಕಡೆ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಅಲ್ಲಿಗೆ ಹೋಗಿದ್ದಾಗ ಅವಳ ಮತ್ತು ಅವಳ ಗಂಡನ ಜೊತೆ ಬಂದೂಕಿನ ಅಂಗಡಿಗೂ ಹೋದೆ. ಗಾಜಿನ ಪೆಟ್ಟಿಗೆಯೊಳಗೆ ಸಾಲಾಗಿ ಪಿಸ್ತೂಲುಗಳು, ಪ್ರತಿಯೊಂದಕ್ಕೂ ದಾರ ಕಟ್ಟಿದ ಬೆಲೆಚೀಟಿ. ಅಂಗಡಿಯವನು ಸಭ್ಯ ಮನುಷ್ಯ. ಆದರೆ ಮಾತಾಡಿದ್ದೆಲ್ಲ ನಮ್ಮ ಅಳಿಯಂದಿರ ಜೊತೆ. ಕೊಳ್ಳುವವಳು ಹುಡುಗಿ, ಪ್ರಶ್ನೆ ಮಾತ್ರ ಗಂಡನಿಗೆ. ಕೊನೆಗೆ ಒಂದು ಪುಟ್ಟ ರಿವಾಲ್ವರ್ ತೆಗೆದು ಅವಳ ಅಂಗೈ ಮೇಲಿಟ್ಟ. ಅಲ್ಯೂಮಿನಿಯಂ ಮಿಶ್ರಲೋಹದ್ದು, ಎರಡು ಅಂಗುಲಕ್ಕೂ ತುಸು ಕಡಿಮೆ ನಳಿಗೆ, ತೂಕ ಸುಮಾರು 425 ಗ್ರಾಂ. "ದೊಡ್ಡಮ್ಮ, ನೋಡಿ, ಎಷ್ಟು ಹಗುರ!" ಅಂದಳು. "ಖಾಲಿ ಇದೆ ಅಂತ ಅವರನ್ನೇ ತೆರೆದು ತೋರಿಸಕ್ಕೆ ಹೇಳು. ಆಮೇಲೆ ಟ್ರಿಗರ್ ಎಳಿ ನೋಡೋಣ, ಹತ್ತು ಸಲ" ಅಂದೆ. ನಾಲ್ಕನೆಯ ಸಲಕ್ಕೆ ಎರಡೂ ಕೈಯ ತೋರುಬೆರಳು ಒಟ್ಟಿಗೆ ಹಾಕಿ ಎಳೆಯುತ್ತಿದ್ದಳು. ನಳಿಗೆಯ ತುದಿ ಮೇಲೆ ಕೆಳಗೆ ಓಲಾಡುತ್ತಿತ್ತು.

ಯಾಕೆ ಹೀಗೆ? ಆ ಬಗೆಯ ರಿವಾಲ್ವರಿನಲ್ಲಿ ಒಂದೇ ಎಳೆತಕ್ಕೆ ಗುಂಡಿನ ಉರುಳೆ ತಿರುಗಬೇಕು, ಸುತ್ತಿಗೆ ಹಿಂದೆ ಹೋಗಿ ಬೀಳಬೇಕು. ಅದಕ್ಕೆ ಬೇಕಾದ ಒತ್ತಡ ಐದು ಕಿಲೋ ಆಸುಪಾಸು. ಅರ್ಧ ಕಿಲೋ ಕೂಡ ಇಲ್ಲದ ವಸ್ತುವಿನ ಮೇಲೆ ಐದು ಕಿಲೋ ಎಳೆತ. ಇದರ ಪಕ್ಕದಲ್ಲಿ ನಮ್ಮ ಮನು ಭಾಕರ್ ಅವರ ಆಯುಧವನ್ನು ಇಟ್ಟು ನೋಡಿ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಆ ಹುಡುಗಿ ಎರಡು ಕಂಚು ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಆ ಸ್ಪರ್ಧೆಯಲ್ಲಿ ಪಿಸ್ತೂಲು ಒಂದೂವರೆ ಕಿಲೋವರೆಗೂ ತೂಗಬಹುದು, ಟ್ರಿಗರಿಗೆ ಅರ್ಧ ಕಿಲೋ ಎಳೆತ ಇದ್ದರೆ ಸಾಕು. ಗುರಿ ತಪ್ಪಬಾರದು ಎನ್ನುವವರು ಭಾರದ ಪಿಸ್ತೂಲು, ಹಗುರ ಟ್ರಿಗರ್ ಹಿಡಿಯುತ್ತಾರೆ. ಕೈಚೀಲಕ್ಕೆಂದು ಮಾಡಿದ್ದರಲ್ಲಿ ಲೆಕ್ಕ ತಲೆಕೆಳಗು. ಪಿಸ್ತೂಲು ಹಗುರ, ಟ್ರಿಗರ್ ಬಿಗಿ. ಕ್ರೀಡೆಯ ಟ್ರಿಗರನ್ನು ಸೊಂಟದ ಪಿಸ್ತೂಲಿಗೆ ಹಾಕಿಸಿ ಎಂದು ನಾನು ಹೇಳುತ್ತಿಲ್ಲ, ಅಷ್ಟು ಸಡಿಲ ಟ್ರಿಗರ್ ಅಲ್ಲಿ ಅಪಾಯ. ಆದರೆ ಮುಂದಿಟ್ಟದ್ದನ್ನೆಲ್ಲ ಒಪ್ಪಿಕೊಳ್ಳುವ ಮುಂಚೆ ಹೆಣ್ಣುಮಗಳು ಈ ಲೆಕ್ಕ ತಿಳಿದಿರಲಿ.

ಒದೆತದ ಮಾತೂ ಹಾಗೇ. ಗುಂಡು ಮುಂದಕ್ಕೆ ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಅದೇ ಗುಂಡನ್ನು ಅರ್ಧ ತೂಕದ ಬಂದೂಕಿನಿಂದ ಹೊಡೆದರೆ ಬಂದೂಕು ಹಿಂದಕ್ಕೆ ಬರುವ ವೇಗ ಇಮ್ಮಡಿ. ಹಗುರ ರಿವಾಲ್ವರಿನಲ್ಲಿ ಐದು ಗುಂಡು ಹೊಡೆದ ಹೊಸಬರಿಗೆ ಹೆಬ್ಬೆರಳ ಬುಡ ಕೆಂಪಾಗಿರುತ್ತದೆ. ಆರನೆಯದಕ್ಕೆ ಮನಸ್ಸು ಬಾರದು. ಮುಂದಿನ ಸಲ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ಮಣಿಕಟ್ಟು ಕೆಳಗೆ ಜಗ್ಗುತ್ತದೆ. ಒಮ್ಮೆ ಅಂಟಿದ ಈ ಬೆದರು ಬಿಡಿಸುವುದು ಎಷ್ಟು ಕಷ್ಟ ಎಂದು ಕಲಿಸಿದವರಿಗೆ ಗೊತ್ತು. ನೋವು ಕೊಡುವ ಬಂದೂಕನ್ನು ಯಾರೂ ಅಭ್ಯಾಸ ಮಾಡುವುದಿಲ್ಲ. ಅಭ್ಯಾಸವಿಲ್ಲದ ಬಂದೂಕು ಹಿಡಿದವಳಿಗೂ ಗಂಡಾಂತರ, ಆಚೀಚೆ ನಿಂತವರಿಗೂ ಗಂಡಾಂತರ.

ಹಾಗಾದರೆ ರಿವಾಲ್ವರ್ ಬಿಟ್ಟು ಮ್ಯಾಗಝಿನ್ ಇರುವ ಪಿಸ್ತೂಲು ತಗೊಳ್ಳೋಣವೇ? ಅಲ್ಲಿ ಇನ್ನೊಂದು ತೊಡಕಿದೆ. ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟರೇ ಮೊದಲ ಗುಂಡು ನಳಿಗೆಗೆ ಏರುವುದು. ಆ ಸ್ಪ್ರಿಂಗು ಬಿಗಿ. "ಹೆಂಗಸರಿಗೆ ಶಕ್ತಿ ಸಾಲದು, ರಿವಾಲ್ವರೇ ಕೊಡಿ" ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಬಹಳ ಸಲ ಶಕ್ತಿ ಕಾರಣವೇ ಅಲ್ಲ, ಹಿಡಿಯುವ ರೀತಿ ಕಾರಣ. ಹೆಬ್ಬೆರಳು ತೋರುಬೆರಳಿನಲ್ಲಿ ಚಿವುಟಿ ಎಳೆದರೆ ಗಂಡಸಿಗೂ ಕಷ್ಟ. ನಳಿಗೆಯ ಬಾಯನ್ನು ರೇಂಜಿನ ಗುರಿಯತ್ತಲೇ ಇಟ್ಟು, ಬೆರಳನ್ನು ಟ್ರಿಗರಿನಿಂದ ಹೊರಗಿಟ್ಟು, ಪಿಸ್ತೂಲನ್ನು ಎದೆಯ ಹತ್ತಿರ ತಂದು, ಎಡಗೈಯ ನಾಲ್ಕೂ ಬೆರಳು ಮತ್ತು ಅಂಗೈಯಿಂದ ಸ್ಲೈಡನ್ನು ಮೇಲಿಂದ ತಬ್ಬಿ ಹಿಡಿದು, ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ದೂಡಬೇಕು. ನಮ್ಮ ಹುಡುಗಿಗೆ ಮೊದಲು ಆಗದ್ದು ಹೀಗೆ ಹೇಳಿಕೊಟ್ಟ ಮೇಲೆ ಆಯಿತು. ಸಂಧಿವಾತ ಇರುವವರಿಗೆ, ವಯಸ್ಸಾದವರಿಗೆ ನಿಜವಾಗಿಯೂ ಆಗದಿರಬಹುದು. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಸ್ಮಿತ್ ಅಂಡ್ ವೆಸನ್ 2018ರಲ್ಲಿ ಶೀಲ್ಡ್ ಈಝಿ ಎಂಬ ಪಾಯಿಂಟ್ 380 ಪಿಸ್ತೂಲು ತಂದಿತು. ಸ್ಲೈಡು ಸುಲಭವಾಗಿ ಸರಿಯುತ್ತದೆ, ತೂಕ ಅರ್ಧ ಕಿಲೋ ಮೇಲೆ. ಬಣ್ಣ ಬಳಿದು ಹೆಂಗಸರದ್ದು ಎನ್ನುವುದಕ್ಕಿಂತ ಇಂಥ ಕೆಲಸ ನನಗೆ ಮೆಚ್ಚುಗೆ.

ಕೈಗೆ ಹೊಂದುತ್ತದೋ ಇಲ್ಲವೋ ನೋಡುವುದು ಹೀಗೆ. ಪಿಸ್ತೂಲಿನ ಹಿಂಬದಿ ಹೆಬ್ಬೆರಳು ತೋರುಬೆರಳಿನ ನಡುವಿನ ಕವಲಿನಲ್ಲಿ ಕೂತು, ನಳಿಗೆ ಮುಂಗೈಯ ನೇರಕ್ಕೆ ಬರಬೇಕು. ಹಾಗೆ ಹಿಡಿದಾಗ ತೋರುಬೆರಳಿನ ಮೊದಲ ಗಿಣ್ಣಿನ ಮೆತ್ತೆ ಟ್ರಿಗರಿನ ಮೇಲೆ ಬರಬೇಕು. ಬೆರಳು ಮುಟ್ಟಲಿ ಎಂದು ಹಿಡಿತವನ್ನು ಓರೆ ಮಾಡಬೇಕಾಗಿ ಬಂದರೆ ಆ ಪಿಸ್ತೂಲು ಬೇಡ. ಕಿರುಬೆರಳಿಗೆ ಹಿಡಿಯ ಮೇಲೆ ಜಾಗ ಇರಲಿ. ತೀರ ಪುಟ್ಟ ಪಿಸ್ತೂಲುಗಳಲ್ಲಿ ಕಿರುಬೆರಳು ಗಾಳಿಯಲ್ಲಿ ತೂಗಾಡುತ್ತದೆ, ಒದೆತ ತಡೆಯುವ ಬಲ ಅಷ್ಟಕ್ಕಷ್ಟು ಕಡಿಮೆಯಾಗುತ್ತದೆ. ಅಮೆರಿಕದ ಎಷ್ಟೋ ರೇಂಜುಗಳಲ್ಲಿ ಪಿಸ್ತೂಲು ಬಾಡಿಗೆಗೆ ಕೊಡುತ್ತಾರೆ. ನಾಲ್ಕಾರು ಬಗೆಯದನ್ನು ಹೊಡೆದು ನೋಡದೆ ದುಡ್ಡು ತೆರಬಾರದು. ನಮ್ಮ ಹುಡುಗಿ ಹೊಡೆದು ನೋಡಿದಾಗ ಗುರಿ ಹಲಗೆಯ ನಡುವೆ ಗುಂಡುಗಳು ಒತ್ತಾಗಿ ಬಿದ್ದದ್ದು ಒಂದು ನಡುಗಾತ್ರದ 9 ಎಂಎಂ ಪಿಸ್ತೂಲಿನಲ್ಲಿ. ಅಂಗಡಿಯವನು ಅದನ್ನು "ಗಂಡಸರ ಸೈಝು" ಎಂದಿದ್ದ. ಕೊಡಗಿನ ತೆಂಗಿನಕಾಯಿ ಹೊಡೆಯುವ ಸ್ಪರ್ಧೆಯಲ್ಲಿ ಸೀರೆ ಉಟ್ಟ ಹೆಂಗಸರು ದೊಡ್ಡ ಕೋವಿಯನ್ನೇ ಹೆಗಲಿಗಿಟ್ಟು ಕಾಯಿ ಒಡೆಯುತ್ತಾರೆ ಎಂದು ಅವನಿಗೆ ನಾನು ಹೇಳಿದೆ.

ಇಷ್ಟಾದ ಮೇಲೆ ಎಲ್ಲಿ ಇಟ್ಟುಕೊಳ್ಳುವುದು? ಅರ್ಧ ಆಯ್ಕೆ ಇಲ್ಲೇ ತೀರ್ಮಾನವಾಗುತ್ತದೆ. ಗಂಡಸಿಗೆ ದಪ್ಪ ಬೆಲ್ಟು, ಸಡಿಲ ಅಂಗಿ. ಹೆಂಗಸರ ಪ್ಯಾಂಟಿಗೆ ಬೆಲ್ಟಿನ ಬಲವಿಲ್ಲ, ಜೇಬು ಬೆರಳುದ್ದ, ಸೊಂಟ ಮತ್ತು ಪಕ್ಕೆಲುಬಿನ ನಡುವೆ ಜಾಗವೂ ಕಡಿಮೆ. ಅದಕ್ಕೇ ಹೊಟ್ಟೆಗೆ ಸುತ್ತುವ ಪಟ್ಟಿ, ಪ್ಯಾಂಟಿನ ಒಳಗೆ ಸಿಕ್ಕಿಸುವ ಗಟ್ಟಿ ಪ್ಲಾಸ್ಟಿಕ್ ಒರೆ ಮುಂತಾದವು ಇವೆ. ಒರೆ ಯಾವುದೇ ಇರಲಿ, ಟ್ರಿಗರನ್ನು ಪೂರ್ತಿ ಮುಚ್ಚಬೇಕು, ಪಿಸ್ತೂಲು ತಾನಾಗಿ ಜಾರಬಾರದು. ಪಿಸ್ತೂಲಿಗೆ ಕೊಟ್ಟಷ್ಟೇ ಗಮನ ಒರೆಗೂ ಕೊಡಬೇಕು.

ಇದೆಲ್ಲ ತಾಪತ್ರಯ ಎಂದು ಬಹಳ ಹೆಂಗಸರು ಕೈಚೀಲಕ್ಕೆ ಹಾಕಿಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕೈಚೀಲ ಬೇಡವೇ ಬೇಡ. ಕಳ್ಳ ಮೊದಲು ಕಸಿಯುವುದೇ ಚೀಲವನ್ನು, ಚೀಲದ ಜೊತೆ ಪಿಸ್ತೂಲೂ ಅವನದಾಗುತ್ತದೆ. ಚೀಲವನ್ನು ಕುರ್ಚಿಗೆ ನೇತುಹಾಕುತ್ತೇವೆ, ಅಂಗಡಿಯ ತಳ್ಳುಗಾಡಿಯಲ್ಲಿ ಇಡುತ್ತೇವೆ, ಮರೆತು ಬಿಟ್ಟು ಹೋಗುತ್ತೇವೆ. 2014ರ ಡಿಸೆಂಬರ್ ಕೊನೆಯಲ್ಲಿ ಐಡಾಹೋ ರಾಜ್ಯದ ಹೇಡನ್ ಊರಿನ ಒಂದು ದೊಡ್ಡ ಅಂಗಡಿಯಲ್ಲಿ ಒಬ್ಬ ತಾಯಿ ಮಕ್ಕಳ ಜೊತೆ ಸಾಮಾನು ಕೊಳ್ಳುತ್ತಿದ್ದಳು. ಎರಡು ವರ್ಷದ ಮಗ ತಳ್ಳುಗಾಡಿಯಲ್ಲಿ ಕೂತಿದ್ದ, ಪಕ್ಕದಲ್ಲೇ ಅವಳ ಕೈಚೀಲ. ಅದು ಪಿಸ್ತೂಲಿಗೆಂದೇ ಝಿಪ್ ಹಾಕುವ ಅರೆ ಇದ್ದ ಚೀಲ. ಮಗು ಝಿಪ್ ಎಳೆದು ಪಿಸ್ತೂಲು ತೆಗೆಯಿತು. ಒಂದೇ ಗುಂಡು, ತಾಯಿ ಅಲ್ಲೇ ಸತ್ತಳು. ಆಕೆ ಓದಿದವಳು, ಪ್ರಯೋಗಾಲಯದಲ್ಲಿ ವಿಜ್ಞಾನಿ, ಬಂದೂಕಿನ ಬಳಕೆ ಬಲ್ಲವಳು, ಪರವಾನಗಿ ಇದ್ದವಳು. ಮನೆಯಲ್ಲಿ ಪುಟ್ಟ ಮಕ್ಕಳಿರುವ ಯಾವ ಹೆಣ್ಣುಮಗಳು ನನ್ನನ್ನು ಕೇಳಿದರೂ ಮೊದಲು ಹೇಳುವುದು ಈ ಸಂಗತಿಯನ್ನೇ. ಮೈಮೇಲೆ ಇರಬೇಕು, ಇಲ್ಲವಾದರೆ ಬೀಗದೊಳಗಿರಬೇಕು. ಇವೆರಡರ ನಡುವೆ ದಿಂಬಿನ ಕೆಳಗೆ, ಬೀರುವಿನ ಮೇಲೆ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಬ ಜಾಗಗಳು ಇರಲೇಬಾರದು.

ಇನ್ನೊಂದು ಮಾತನ್ನು ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ. ಹೆಂಗಸು ಹೆದರುವುದು ಪಾರ್ಕಿಂಗ್ ಜಾಗದ ಅಪರಿಚಿತನಿಗೆ. ಅವಳಿಗೆ ಗುಂಡು ಹೊಡೆಯುವವನು ಎಷ್ಟೋ ಸಲ ಮನೆಯೊಳಗಿನವನು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಕ್ಯಾಲಿಫೋರ್ನಿಯಾದ 1 ಕೋಟಿ 70 ಲಕ್ಷಕ್ಕೂ ಹೆಚ್ಚು ವಯಸ್ಕರ 2004ರಿಂದ 2016ರವರೆಗಿನ ದಾಖಲೆ ನೋಡಿ 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮ್ಮದೇ ಪಿಸ್ತೂಲಿಲ್ಲದೆ, ಪಿಸ್ತೂಲಿರುವವರ ಜೊತೆ ವಾಸಿಸುವವರು ಕೊಲೆಯಾಗುವ ಪ್ರಮಾಣ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಮನೆಯಲ್ಲಿ ಗಂಡ, ಹೆಂಡತಿ ಅಥವಾ ಸಂಗಾತಿಯ ಗುಂಡಿಗೆ ಬಲಿಯಾಗುವ ಪ್ರಮಾಣ ಏಳು ಪಟ್ಟು. ಹಾಗೆ ಬಲಿಯಾದವರಲ್ಲಿ ನೂರಕ್ಕೆ 84 ಮಂದಿ ಹೆಂಗಸರು. ನನ್ನ ರಕ್ಷಣೆಗೆ ನನ್ನ ಗಂಡ ಪಿಸ್ತೂಲಿಟ್ಟಿದ್ದಾನೆ ಎನ್ನುವ ಹೆಣ್ಣುಮಗಳು ಈ ಅಂಕಿಯನ್ನು ತಿಳಿದಿರಬೇಕು. ಗಂಡನಿಗೆ ಕೈ ಎತ್ತುವ ಚಾಳಿ ಇದ್ದರೆ ಆ ಮನೆಗೆ ಪಿಸ್ತೂಲು ತರಲೇಬಾರದು, ಯಾರ ಹೆಸರಿನಲ್ಲೂ. ಮನೆಯ ಹೊಡೆತಬಡಿತದಲ್ಲಿ ಶಿಕ್ಷೆಯಾದವನು ಬಂದೂಕು ಇಟ್ಟುಕೊಳ್ಳಕೂಡದು ಎಂದು ಅಲ್ಲಿ 1996ರಿಂದ ಕಾನೂನಿದೆ. ಕೋರ್ಟಿನ ರಕ್ಷಣಾ ಆದೇಶಕ್ಕೆ ಒಳಗಾದವನಿಂದಲೂ ಬಂದೂಕು ದೂರವಿಡಬಹುದು ಎಂದು 2024ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಎಂಟಕ್ಕೆ ಒಂದರ ಬಹುಮತದಿಂದ ಹೇಳಿತು. ಹೊಡೆತ ತಿನ್ನುತ್ತಿರುವವಳಿಗೆ ಪಿಸ್ತೂಲಿಗಿಂತ ಮೊದಲು ಬೇಕಾದದ್ದು ಆ ಆದೇಶ.

ನಮ್ಮವರಿಗೆ ನೇರವಾಗಿ ತಾಗುವ ಒಂದು ನಿಯಮವಿದೆ. ಎಚ್-1ಬಿ ಕೆಲಸದ ವೀಸಾ, ಅವರ ಹೆಂಡತಿ ಅಥವಾ ಗಂಡನ ಎಚ್-4 ವೀಸಾ, ವಿದ್ಯಾರ್ಥಿಗಳ ಎಫ್-1 ವೀಸಾ ಇಂಥವುಗಳ ಮೇಲೆ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದು ಅಲ್ಲಿಯ ಕೇಂದ್ರ ಕಾನೂನಿನಲ್ಲಿ ಸಾಮಾನ್ಯವಾಗಿ ನಿಷಿದ್ಧ. ಬೇಟೆಯ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ರಾಜ್ಯದ ಕಾನೂನು ಎಷ್ಟೇ ಸಡಿಲವಿದ್ದರೂ ಇದು ತಪ್ಪದು. ಗ್ರೀನ್ ಕಾರ್ಡ್ ಇದ್ದವರ ಮಾತು ಬೇರೆ. ಟೆಕ್ಸಾಸಿನಲ್ಲಿ ಎಲ್ಲರೂ ಇಟ್ಟುಕೊಳ್ಳುತ್ತಾರೆ ಎಂದು ಗೆಳತಿ ಹೇಳಿದ್ದನ್ನು ನಂಬಿ ಕೊಂಡರೆ ವೀಸಾವೂ ಹೋದೀತು, ಜೈಲೂ ಆದೀತು. ಅಂಥವರಿಗೆ, ನಿಜ ಹೇಳಬೇಕೆಂದರೆ ಉಳಿದ ಎಷ್ಟೋ ಜನರಿಗೂ, ಪೆಪ್ಪರ್ ಸ್ಪ್ರೇ ಇದೆ. ಪಾಳಿ ಮುಗಿದಾಗ ಇಬ್ಬರು ಒಟ್ಟಿಗೆ ಹೊರಡುವುದಿದೆ. ಕಾವಲಿನವನನ್ನು ಕಾರಿನವರೆಗೆ ಬರಲು ಕೇಳುವುದಿದೆ. ಹಾಗೆ ಕೇಳಲು ಯಾವ ಹೆಣ್ಣುಮಗಳೂ ಸಂಕೋಚಪಡಬೇಕಾಗಿಲ್ಲ.

ನಮ್ಮ ದೇಶಕ್ಕೆ ಬಂದರೆ, ಇಲ್ಲೂ ಒಂದು ಹೆಂಗಸರ ರಿವಾಲ್ವರ್ ಹುಟ್ಟಿತು. ದೆಹಲಿಯಲ್ಲಿ ಬಸ್ಸಿನೊಳಗೆ ಅತ್ಯಾಚಾರಕ್ಕೀಡಾಗಿ ಸತ್ತ, ನಿರ್ಭಯಾ ಎಂದು ಹೆಸರಾದ ಹುಡುಗಿಯ ಘಟನೆಯ ನಂತರ, 2014ರ ಜನವರಿಯಲ್ಲಿ, ಕಾನ್ಪುರದ ಸರ್ಕಾರಿ ಆಯುಧ ಕಾರ್ಖಾನೆ ನಿರ್ಭೀಕ್ ಎಂಬ ಪಾಯಿಂಟ್ 32 ರಿವಾಲ್ವರನ್ನು ಹೊರತಂದಿತು. ಟೈಟಾನಿಯಂ ಮಿಶ್ರಲೋಹ, ಆರು ಗುಂಡು, 500 ಗ್ರಾಂ ತೂಕ, ಆಗಿನ ಬೆಲೆ 1,22,360 ರೂಪಾಯಿ. ಆಭರಣದ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಸತ್ತ ಆ ಹುಡುಗಿ, ಅವಳಂತೆ ರಾತ್ರಿ ಬಸ್ಸಿಗೆ ಕಾಯುವ ಹುಡುಗಿಯರು, ಇವರಲ್ಲಿ ಯಾರ ಕೈಗೆ ಎಟುಕುತ್ತದೆ ಆ ಬೆಲೆ? ನಿರ್ಭಯಾ ಎಂಬುದನ್ನೇ ಹೋಲುವ ಹೆಸರನ್ನು ಒಂದು ಸರಕಿಗೆ ಇಟ್ಟದ್ದೇ ನನಗೆ ನೋವು. ಹೆಂಗಸರದ್ದೆಂದರೆ ಹಗುರವಾಗಿರಬೇಕು, ಚಂದದ ಪೆಟ್ಟಿಗೆಯಲ್ಲಿರಬೇಕು ಎಂಬ ಹ್ಯೂಸ್ಟನ್ ಅಂಗಡಿಯ ಲೆಕ್ಕವೇ ಕಾನ್ಪುರದಲ್ಲೂ ನಡೆಯಿತು.

ಇಲ್ಲಿ 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿ ಬೇಕೇ ಬೇಕು. 21 ವರ್ಷ ತುಂಬಿರಬೇಕು. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗೆ, ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರಿಗೆ ಅರ್ಜಿ. ಜೀವಭಯ ಯಾಕಿದೆ ಎಂದು ತೋರಿಸಬೇಕು, ಪೊಲೀಸರು ವಿಚಾರಿಸಿ ವರದಿ ಕೊಡಬೇಕು. 2016ರ ಆಯುಧ ನಿಯಮಗಳು ಇದಕ್ಕೆ ಸುರಕ್ಷತೆಯ ತರಬೇತಿಯನ್ನೂ ಸೇರಿಸಿದವು. ಟೆಕ್ಸಾಸ್ ಕೈಬಿಟ್ಟದ್ದನ್ನು ನಾವು ಇಟ್ಟುಕೊಂಡೆವು ಎಂದು ನನಗೆ ಸಮಾಧಾನ. ಆ ತರಬೇತಿಗೆ ಹೋಗುವ ಹೆಣ್ಣುಮಗಳು ಪ್ರಮಾಣಪತ್ರಕ್ಕೆ ರುಜು ಹಾಕಿಸಿಕೊಂಡು ಬಂದುಬಿಡಬಾರದು. ತಾನು ಕೊಳ್ಳಬೇಕೆಂದಿರುವ ಬಗೆಯ ರಿವಾಲ್ವರನ್ನೇ ಕೊಡಿ ಎಂದು ಕೇಳಲಿ, ಅದರಿಂದ ಗುಂಡು ಹೊಡೆದು ನೋಡಲಿ, ಗುಂಡು ತುಂಬುವುದನ್ನೂ ತೆಗೆಯುವುದನ್ನೂ ತನ್ನ ಕೈಯಿಂದಲೇ ಮಾಡಲಿ. ಆಗದಿದ್ದರೆ ಇದು ಬೇಡ, ಬೇರೆಯದು ಕೊಡಿ ಎನ್ನಲಿ. ಅಷ್ಟಾದ ಮೇಲೂ ನನಗೆ ಯಾವುದೂ ಬೇಡ ಎಂದು ಅವಳು ಎದ್ದು ಬಂದರೆ ಮನೆಯವರು ಒತ್ತಾಯ ಮಾಡಕೂಡದು.